ನನ್ನ ನಂಬರಿನ ಮಸಿಬಟ್ಟೆ

ನಮ್ಮ ಅಡುಗೆಮನೆಯಲ್ಲಿ ಒಂದು ಮಸಿಬಟ್ಟೆ ಇದೆ. ಬಿಸಿ ಪಾತ್ರೆ ಇಳಿಸುವುದಕ್ಕೆ, ಕಟ್ಟೆ ಒರೆಸುವುದಕ್ಕೆ, ಹಾಲು ಉಕ್ಕಿಸಿದ್ದು ಗೊತ್ತಾಗದಂತೆ ಒರೆಸಿಹಾಕುವುದಕ್ಕೆ ಎಲ್ಲದಕ್ಕೂ ಅದೇ. ಅರಿಸಿನ, ಎಣ್ಣೆ, ಮಸಿ ಕುಡಿದು ಕುಡಿದು ಅದಕ್ಕೆ ಈಗ ಇಂಥದೇ ಬಣ್ಣ ಅಂತ ಉಳಿದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ಮಾತ್ರ ನಡುವೆ ಹನ್ನೆರಡು ಎಂಬ ಅಂಕಿ ಮಸುಕಾಗಿ ಕಾಣುತ್ತದೆ. ನಾಲ್ಕೂ ಮೂಲೆಗೆ ಪಿನ್ನು ಚುಚ್ಚಿದ ತೂತುಗಳಿವೆ. ಒಂದು ಕಾಲಕ್ಕೆ ಇದನ್ನು ಎದೆಗೆ ಚುಚ್ಚಿಕೊಂಡು ನಾನು ಪುಣೆಯ ಕಾಲುವೆ ದಂಡೆಯ ಮೇಲೆ ಓಡುತ್ತಿದ್ದೆ ಅಂದರೆ ನೀವು ನಗುತ್ತೀರಿ. ನಗಿರಿ, ಬೇಸರವಿಲ್ಲ. ಓಡುವುದನ್ನು ಕಣ್ಣಾರೆ ಕಂಡವರು ಇದಕ್ಕಿಂತ ಹೆಚ್ಚು ನಕ್ಕಿದ್ದಾರೆ.

ಅದರ ಜೋಡಿ ಬಟ್ಟೆ, ಹನ್ನೊಂದನೆಯ ನಂಬರಿನದು, ನನ್ನ ಹೆಂಡತಿ ಸುಧಾಳದು. ಅದು ಇನ್ನೂ ಬಾಲ್ಕನಿಯ ತಂತಿಯ ಮೇಲೆ ಒಣಗುತ್ತದೆ, ವಾರಕ್ಕೊಮ್ಮೆ, ತಪ್ಪದೆ. ಕಳೆದ ರವಿವಾರ ಮುಂಜಾನೆ ಅದು ಅವಳ ಎದೆಯ ಮೇಲೆ ಕಾಲುವೆ ದಂಡೆಯಲ್ಲಿತ್ತು. ನಾನು ಬೇಳೆಯ ಕುಕ್ಕರು ಏರಿಸಿ, ಮಸಿಬಟ್ಟೆ ಹೆಗಲಿಗೆ ಹಾಕಿಕೊಂಡು ಸೀಟಿಗೆ ಕಾಯುತ್ತಿದ್ದೆ. ನಿವೃತ್ತಿಯಾದ ಮೇಲೆ ದಣಿವು ಹೋಗುತ್ತದೆ ಎಂದು ಬಹಳ ವರ್ಷ ನಂಬಿದ್ದೆ. ಹೋಗಿಲ್ಲ. ಕೆಲಸ ಬಿಟ್ಟಿತು, ದಣಿವು ಮಾತ್ರ ಮನೆಯ ಹಳೆಯ ಕುರ್ಚಿಯಂತೆ ತನ್ನ ಜಾಗ ಬಿಟ್ಟು ಕದಲಲಿಲ್ಲ.

ಓಟ ನಮ್ಮ ಬದುಕಿಗೆ ಬಂದದ್ದು ತೊಂಬತ್ತರ ದಶಕದ ಕೊನೆಗೆ. ನಾನು ಭೋಸರಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದೆ. ಮನೆ ಸಿಂಹಗಡ ರಸ್ತೆಯ ಕಡೆಗೆ. ಅಂದರೆ ದಿನಾ ಇಡೀ ಊರನ್ನು ಕಂಪನಿಯ ಬಸ್ಸಿನಲ್ಲಿ ಆ ಕಡೆಯಿಂದ ಈ ಕಡೆಗೆ ದಾಟಬೇಕು, ಸಂಜೆ ಅದನ್ನೇ ತಿರುಗಿ ದಾಟಬೇಕು. ಬಸ್ಸಿನಲ್ಲಿ ನಿದ್ದೆ, ಸ್ಟೋರಿನಲ್ಲಿ ಧೂಳು, ಮನೆಯಲ್ಲಿ ತಲೆನೋವು. ಡಾಕ್ಟರು ನನ್ನ ಹೊಟ್ಟೆಯನ್ನು ಒತ್ತಿ ನೋಡಿ, “ಥೋಡಂ ಚಾಲಾ, ಥೋಡಂ ಪಳಾ” ಎಂದರು. ಸ್ವಲ್ಪ ನಡೆಯಿರಿ, ಸ್ವಲ್ಪ ಓಡಿರಿ. ಔಷಧಿ ಬರೆದಿದ್ದರೆ ನುಂಗಿ ಸುಮ್ಮನಾಗುತ್ತಿದ್ದೆ. ಮನೆಗೆ ಬಂದು ಹೇಳಿದರೆ ಅವ್ವ, “ಒಬ್ಬನ ಹೋಗಬ್ಯಾಡ, ಎಲ್ಲೆರೆ ಚಕ್ಕರ್ ಬಂದು ಬಿದ್ದೀ. ಸುಧಾನ್ನ ಕರಕೊಂಡು ಹೋಗು” ಅಂದಳು. ಹೀಗೆ ನಾನು ಬಿದ್ದರೆ ಎತ್ತುವುದಕ್ಕೆಂದು ನನ್ನ ಹೆಂಡತಿ ಓಟಕ್ಕೆ ಬಂದಳು.

ನಮ್ಮ ಕಾಲನಿಯಲ್ಲಿ ನಿವೃತ್ತ ಸುಭೇದಾರರೊಬ್ಬರಿದ್ದರು. ಅವರು ಪ್ರತಿ ರವಿವಾರ ನಸುಕಿನಲ್ಲಿ ಕಾಲುವೆಯ ಚಿಕ್ಕ ಸೇತುವೆಯ ಹತ್ತಿರ ನೆರೆಹೊರೆಯವರನ್ನೆಲ್ಲ ಕೂಡಿಸಿ ಓಡಿಸುತ್ತಿದ್ದರು. ಪಂಪ್‌ಹೌಸಿನವರೆಗೆ ಹೋಗಿ ತಿರುಗಿ ಬರುವುದು, ಆಮೇಲೆ ಚಹಾ, ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ. ಹಳೆಯ ಚಾದರು ಹರಿದು ನಂಬರಿನ ಬಟ್ಟೆಗಳನ್ನು ಮಾಡಿದವರು ಅವರ ಮನೆಯವರು. ಆದರೆ ಸುಭೇದಾರರ ಪದ್ಧತಿ ವಿಚಿತ್ರ. ಎಲ್ಲರೂ ಕೂಡಿ ಹೊರಡುವ ಹಾಗಿಲ್ಲ. ಎಲ್ಲರಿಗಿಂತ ನಿಧಾನದವರು ಮೊದಲು ಹೊರಡಬೇಕು, ಅವರಿಗಿಂತ ಚುರುಕಿನವರು ಸ್ವಲ್ಪ ಹೊತ್ತಿನ ಮೇಲೆ, ಎಲ್ಲರಿಗಿಂತ ಜೋರಿನವರು ಕಟ್ಟಕಡೆಗೆ. ಯಾರು ಯಾವಾಗ ಹೊರಡಬೇಕು ಎಂಬುದನ್ನು ಹಿಂದಿನ ಕೆಲವು ವಾರಗಳ ಟೈಮು ನೋಡಿ ಅವರೇ ಒಂದು ಕರಿಹಲಗೆಯ ಮೇಲೆ, ಮೊದಲು ಹೊರಡುವವರನ್ನು ಮೇಲಿಟ್ಟು, ಸಾಲುಸಾಲಾಗಿ ಬರೆಯುತ್ತಿದ್ದರು. ಅವರ ಲೆಕ್ಕ ಸರಿಯಿದ್ದರೆ ಎಲ್ಲರೂ ಹೆಚ್ಚುಕಡಿಮೆ ಕೂಡಿಯೇ ತಿರುಗಿ ಬರಬೇಕು. ಅದರಲ್ಲೂ ಎಲ್ಲರಿಗಿಂತ ಮೊದಲು ಬಂದವರಿಗೆ ಪೋಹೆಯ ಮೊದಲ ತಾಟು, ಮೇಲೆ ಅರ್ಧ ನಿಂಬೆಹಣ್ಣು. ಉಳಿದವರಿಗೆ ಒಂದೊಂದು ಹೋಳು. ಆ ಅರ್ಧ ನಿಂಬೆಹಣ್ಣಿಗಾಗಿ ದೊಡ್ಡ ದೊಡ್ಡ ಮನುಷ್ಯರು ಬೂಟಿನ ಲಾಡಿ ಬಿಗಿಯುವುದನ್ನು ನಾನು ನೋಡಿದ್ದೇನೆ.

ನಾನೂ ಸುಧಾನೂ ಸಹಜವಾಗಿಯೇ ಮೊದಲ ತಂಡ. ನಮ್ಮ ಜೊತೆ ಮೊಣಕಾಲು ಹಿಡಿದುಕೊಂಡು ಬರುವ ಇಬ್ಬರು ಅಜ್ಜಂದಿರು. ಅವರು ಹತ್ತು ಹೆಜ್ಜೆಗೇ ಹಿಂದೆ ಬೀಳುತ್ತಿದ್ದರು, ಮುಂದೆ ನಾವಿಬ್ಬರೇ.

ನಿಜ ಹೇಳುತ್ತೇನೆ, ನನಗೆ ಓಟ ಬೇಕಾಗಿರಲಿಲ್ಲ, ಆ ಅರ್ಧ ತಾಸು ಬೇಕಾಗಿತ್ತು. ನಮ್ಮದು ಎರಡು ಕೋಣೆಯ ಮನೆ. ಹೊರಗಿನ ಕೋಣೆಯಲ್ಲಿ ಅವ್ವ, ಒಳಗೆ ಓದುವ ಇಬ್ಬರು ಮಕ್ಕಳು, ನಡುವೆ ಒಂದು ಪರದೆ. ಅವ್ವನ ಕಣ್ಣು ಮಂದವಾದಷ್ಟೂ ಕಿವಿ ಚುರುಕಾಗಿತ್ತು. ನಾವು ಪಿಸುಗುಟ್ಟಿದರೆ ಆ ಕಡೆಯಿಂದ, “ಏನಂದ್ರೋ?” ಎಂದು ಕೇಳುತ್ತಿದ್ದಳು. ಹೊರಗೆ ಹೋದರೆ ಅಂಗಡಿಯಿಂದ ಆಫೀಸಿನವರೆಗೆ ಎಲ್ಲ ಮರಾಠಿ. ಕಾಲುವೆ ದಂಡೆಯ ಮೇಲೆ ಮಾತ್ರ ನಾವಿಬ್ಬರೂ ಕನ್ನಡದಲ್ಲಿ, ಗಟ್ಟಿ ದನಿಯಲ್ಲಿ, ಗಂಡ-ಹೆಂಡತಿಯಾಗಿ ಮಾತಾಡಬಹುದಾಗಿತ್ತು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವಳಿಗೆ ಬದನೆಕಾಯಿ ಸೇರುವುದಿಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ, ಓಡುವಾಗ.

ಓಟದ ಬಗ್ಗೆ ನನ್ನ ಹಳೆಯ ಅನುಭವ ಹೇಳಿಕೊಳ್ಳುವಂಥದಲ್ಲ. ಧಾರವಾಡದಲ್ಲಿ ಹುಡುಗನಾಗಿದ್ದಾಗ ಗಿರಣಿಯಿಂದ ಬಿಸಿ ಹಿಟ್ಟಿನ ಡಬ್ಬಿ ಹೊತ್ತು ಬರುವಾಗ, ಓಣಿಯ ಕೆಂಪು ನಾಯಿ ಬೆನ್ನುಹತ್ತಿದರೆ ಓಡುತ್ತಿದ್ದೆ. ಅದು ನಿಂತರೆ ನಾನೂ ನಿಲ್ಲುತ್ತಿದ್ದೆ. ಶಾಲೆಯ ಆಟೋಟದಲ್ಲಿ ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ನಡೆಯುವ ಸ್ಪರ್ಧೆಗೆ ಮಾತ್ರ ಹೆಸರು ಕೊಡುತ್ತಿದ್ದೆ, ಅದರಲ್ಲಿ ನಿಧಾನವೇ ಗುಣ ಎಂದು. ನಿಜವಾಗಿ ಓಡುತ್ತಿದ್ದವಳು ನಮ್ಮ ಅಕ್ಕ. ಒಮ್ಮೆ ಹಾರಿಹೋದ ಗಾಳಿಪಟದ ಹಿಂದೆ ಲಂಗ ಎತ್ತಿ ಕಟ್ಟಿ ಓಣಿಯ ಈ ತುದಿಯಿಂದ ಆ ತುದಿಗೆ ಓಡಿ, ಹಿಡಿದುಕೊಂಡು, ಹಾಗೆಯೇ ಮನೆಗೆ ಓಡಿಬಂದಳು. ಅವಳಿಗಿಂತ ಮೊದಲು ಸುದ್ದಿ ಮನೆ ಮುಟ್ಟಿತ್ತು. ಕಟ್ಟೆಯ ಮೇಲೆ ಕೂತವರ ಟೈಮಿಂಗ್ ಅಷ್ಟು ಚಲೋ ಇತ್ತು. ಅವಳಿಗೆ ಅಂದು ಬಿದ್ದ ಏಟು ನನಗೆ ಇನ್ನೂ ನೆನಪಿದೆ. ಆಮೇಲೆ ಅಕ್ಕ ಓಡಿದ್ದನ್ನು ನಾನು ನೋಡಲಿಲ್ಲ.

ಸುಧಾ ಮಾತ್ರ ಒಮ್ಮೆಲೇ ಓಡಲು ಹತ್ತಿದಳು. ಮೊದಮೊದಲು ಸೀರೆ ಎತ್ತಿ ಸಿಕ್ಕಿಸಿಕೊಂಡು, ಕ್ಯಾನ್ವಾಸ್ ಬೂಟು ಹಾಕಿಕೊಂಡು ನನ್ನ ಪಕ್ಕಕ್ಕೆ ಬರುತ್ತಿದ್ದವಳು ಒಂದು ದಿನ ಪಂಜಾಬಿ ಡ್ರೆಸ್ ಹೊಲಿಸಿದಳು. ಅವ್ವನ ಕಣ್ಣಿಗೆ ಬೀಳಬಾರದೆಂದು ಮೇಲೆ ಶಾಲು ಹೊದ್ದು ಹೊರಬೀಳುವಳು. ಅವ್ವ ಹಾಸಿಗೆಯಿಂದಲೇ, “ಇಷ್ಟ ಸೆಕಿಯೊಳಗ ಶಾಲು ಯಾಕ?” ಎಂದು ಕೇಳುವಳು. ಸೇತುವೆಗೆ ಬಂದು ಶಾಲು ತೆಗೆದು ನನ್ನ ಕೈಗೆ ಕೊಟ್ಟರೆ ಮುಗಿಯಿತು, ಅವಳ ಹೆಜ್ಜೆ ಹಗುರಾಗುತ್ತಿತ್ತು. ಮಾತಿನ ನಡುವೆ ಆಕೆ ಒಂದು ಮಾರು ಮುಂದೆ ಹೋಗಿರುತ್ತಿದ್ದಳು, ನೆನಪಾಗಿ ನಿಲ್ಲುತ್ತಿದ್ದಳು. ಸುಭೇದಾರರು ಇದನ್ನೆಲ್ಲ ಗಡಿಯಾರ ಹಿಡಿದು ನೋಡುತ್ತಿದ್ದರು.

ಅದೇ ಸುಮಾರಿಗೆ ನಮ್ಮ ಕಂಪನಿ ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಗೋದಾಮು ತೆರೆಯಿತು. ಸಾಹೇಬರು ನನ್ನನ್ನು ಕರೆದು, ನೀವು ಆ ಕಡೆಯವರು, ಹೋಗುತ್ತೀರಾ ಎಂದು ಕೇಳಿದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಧಾರವಾಡದ ನಮ್ಮ ಓಣಿಯಲ್ಲೇ ಮನೆ ಮಾಡಬಹುದು, ಹುಬ್ಬಳ್ಳಿಗೆ ಓಡಾಡಬಹುದು. ಮಧ್ಯಾಹ್ನದ ಬುತ್ತಿಯ ಜೊತೆ ಭೋಸರಿಯ ಧೂಳು ತಿನ್ನುವುದು ತಪ್ಪುತ್ತದೆ. ಅವ್ವನಂತೂ ನಾಳೆ ಹೋಗುವುದು ಅಂದರೆ ಇವತ್ತೇ ಹಾಸಿಗೆ ಸುತ್ತಿಡುವಳು. ಅದಕ್ಕೇ ಮನೆಯಲ್ಲಿ ಬಾಯಿ ಬಿಡಲಿಲ್ಲ. ರವಿವಾರ ಪಂಪ್‌ಹೌಸಿನ ಹತ್ತಿರ ತಿರುಗುವಾಗ ಸುಧಾಳಿಗೆ ಹೇಳಿದೆ.

“ಹುಬ್ಬಳ್ಳಿಗೆ ಹೋಗೂಣೇನು?”

ಅವಳು ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಾಲುವೆಯ ನೀರು ನೋಡಿದಳು. “ಮುಂದಿನ ವಾರ ಹೇಳ್ತೀನ್ರಿ” ಅಂದಳು.

ಮುಂದಿನ ವಾರ ಸುಭೇದಾರರು ಕರಿಹಲಗೆ ಒರೆಸಿ ಹನ್ನೊಂದನ್ನು ಎರಡು ಸಾಲು ಕೆಳಗೆ ಬರೆದಿದ್ದರು. ಸುಧಾಳ ಟೈಮು ಸುಧಾರಿಸಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಹಲಗೆಯಲ್ಲಿ ಆದದ್ದು ಏನೆಂದು ತಿಳಿದದ್ದು ಅಜ್ಜಂದಿರ ಜೊತೆ ಒಬ್ಬನೇ ಹೊರಟಾಗ. ಪಂಪ್‌ಹೌಸು ದಾಟಿದ ಮೇಲೆ ಹಿಂದಿನಿಂದ ಹೆಜ್ಜೆ ಕೇಳಿತು. ಅವಳು ಪಕ್ಕಕ್ಕೆ ಬಂದು, “ಅಲ್ಲೆ ಮನಿ ಎಲ್ಲಿ ಮಾಡೋರು?” ಎಂದು ಕೇಳಿದಳು. “ನಮ್ಮ ಓಣ್ಯಾಗನ” ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಕೇಳಿಸಿಕೊಳ್ಳಲು ಅಲ್ಲಿ ಕಾಲುವೆಯೊಂದೇ ಇತ್ತು.

ಹೀಗೆ ನಮ್ಮ ಸಂಸಾರದ ಅತಿ ದೊಡ್ಡ ಮಾತುಕತೆ ವಾರಕ್ಕೊಂದು ವಾಕ್ಯದ ಲೆಕ್ಕದಲ್ಲಿ ನಡೆಯಿತು. ಅದರ ಮುಂದಿನ ವಾರ ದಾಟಿಹೋಗುವಾಗ, “ಓಣ್ಯಾಗ ಬ್ಯಾಡ್ರಿ” ಅಂದಳು. ಅದರ ಮುಂದಿನ ವಾರ, “ಓಣ್ಯಾಗ ಹೋದ್ರ ಇದು ಮುಗೀತು” ಅಂದಳು. ಇದು ಅಂದರೆ ಯಾವುದು ಎಂದು ನಾನು ಇಡೀ ವಾರ ಬಸ್ಸಿನಲ್ಲಿ ಕೂತು ಯೋಚಿಸಿದೆ. ಬಸ್ಸಿನ ನಿದ್ದೆಯೂ ಹೋಯಿತು. ಮನೆಯಲ್ಲಿ ಅವಳ ಮುಖ ನೋಡಿದರೆ ಅವಳು ಪರದೆಯ ಕಡೆ ಕಣ್ಣು ತೋರಿಸಿ ರೊಟ್ಟಿ ಬಡಿಯುತ್ತಿದ್ದಳು.

ಉಳಿದದ್ದು ಒಂದೇ ದಾರಿ. ಹೆಂಡತಿಯ ಉತ್ತರ ಪೂರಾ ಕೇಳಬೇಕಾದರೆ ನಾನೂ ಅವಳಷ್ಟು ಜೋರಾಗಿ ಓಡಬೇಕು. ಜನ ಪದಕಕ್ಕೆ ಓಡುತ್ತಾರೆ, ಆರೋಗ್ಯಕ್ಕೆ ಓಡುತ್ತಾರೆ. ನಾನು ಒಂದು ವಾಕ್ಯದ ಉಳಿದ ಭಾಗಕ್ಕಾಗಿ ಓಡಿದೆ. ಕಂಪನಿಯ ಬಸ್ಸು ಬರುವ ಮುಂಚೆ ಕಾಲನಿಯ ಸುತ್ತ ಸುತ್ತು ಹಾಕಿದೆ. ಹಾಲಿನವನು ಏನೋ ಅನಾಹುತವಾಗಿದೆ ಎಂದು ಸೈಕಲ್ ನಿಲ್ಲಿಸಿ ಕೇಳಿದ. ಕಾಲು ನೋವಿಗೆ ಅವ್ವ ಎಣ್ಣೆ ಬಿಸಿ ಮಾಡಿ ಕೊಟ್ಟಳು. ಬಸ್ಸಿನಲ್ಲಿ ನನ್ನ ಬಾಯಿ ತೆರೆದ ನಿದ್ದೆ ನೋಡಿ ಪಕ್ಕದವರು ಜಾಗ ಬದಲಿಸಿದರು. ಆದರೂ ಟೈಮು ಸ್ವಲ್ಪ ಸುಧಾರಿಸಿತು, ಹಲಗೆಯ ಸಾಲು ಬದಲಾಗುವಷ್ಟಲ್ಲ. ಒಂದು ರವಿವಾರ ಅವಳು ಪಕ್ಕಕ್ಕೆ ಬಂದಾಗ ಬಿಡದೆ ಮುಂದೆ ದಂಡೆಯ ಮೇಲಿದ್ದ ಜಾಲಿಯ ಗಿಡದವರೆಗೂ ಜೊತೆಗೆ ಓಡಿದೆ. ಈಗ ಕೇಳಬಹುದು ಎಂದು ಬಾಯಿ ತೆರೆದರೆ, “ಯಾ...” ಅಂದದ್ದಷ್ಟೇ, ಮುಂದೆ ಉಸಿರಿಲ್ಲ. ಅವಳು ಗಾಬರಿಯಾಗಿ, “ಮಾತಾಡಬ್ಯಾಡ್ರಿ, ಉಸಿರು ತೊಗೋರಿ” ಎಂದು ಹೇಳಿ ಹೋಗಿಬಿಟ್ಟಳು. ಜೊತೆಗೆ ಓಡುವಷ್ಟು ಜೋರು ಬಂದರೆ ಮಾತು ಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಒಂದು ವಿಚಿತ್ರ ನಡೆಯಿತು. ಸುಧಾಳ ಟೈಮು ಕೆಡತೊಡಗಿತು. ಒಂದು ವಾರ, ಎರಡು ವಾರ, ಮೂರು ವಾರ. ಅವಳಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ನಾನು ಹೆದರಿದೆ. ಸುಭೇದಾರರು ತಲೆ ಕೆರೆದುಕೊಂಡು ಹನ್ನೊಂದನ್ನು ಮತ್ತೆ ಹಲಗೆಯ ಮೇಲಿನ ಸಾಲಿಗೆ ತಂದರು. ಮುಂದಿನ ರವಿವಾರ ನಾವಿಬ್ಬರೂ ಕೂಡಿ ಹೊರಟೆವು. ನಾಲ್ಕು ಹೆಜ್ಜೆ ಹೋಗುವುದರೊಳಗೆ ಅವಳೇ ಶುರುಮಾಡಿದಳು.

“ಈಗ ಕೇಳ್ರಿ. ಅಲ್ಲಿಗೆ ಹೋದ್ರ ನಾ ಓಡಂಗಿಲ್ಲ. ಯಾರೂ ಬ್ಯಾಡ ಅನ್ನಂಗಿಲ್ಲ, ಅತ್ತಿನೂ ಅನ್ನಂಗಿಲ್ಲ. ಆದ್ರ ಕಟ್ಟಿ ಮ್ಯಾಲೆ ಕೂತು ಎಲ್ಲಾರೂ ನೋಡ್ತಾರ. ಇಂಥವರ ಸೊಸಿ ಓಡ್ಲಿಕ್ಕತ್ಯಾಳ ಅಂತಾರ. ಇಲ್ಲೆ ನಾ ಯಾರ ಸೊಸಿ ಅಂತ ಯಾರೂ ನೋಡಂಗಿಲ್ಲ. ಅದ ನನಗ ಭಾಳ ಆರಾಮ ಅದ.”

ಅವಳು ಬೇಕಂತಲೇ ನಿಧಾನವಾಗಿದ್ದಳು ಎಂದು ಆಗ ಹೊಳೆಯಿತು. ಇಷ್ಟು ಹೇಳುವುದಕ್ಕೆ. ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು, ಅದರ ಬೆನ್ನಿಗೇ ಸಿಟ್ಟೂ ಬಂತು.

“ನಾ ದಣದೀನಿ ಸುಧಾ” ಅಂದೆ. “ಆ ಬಸ್ಸು, ಆ ಭೋಸರಿ. ಮುಂಜಾನೆ ಬಾಗಲಾ ತಗದ್ರ ಹೊರಗ ಕನ್ನಡ ಕೇಳಬೇಕು ಅನಸ್ತದ. ಅಷ್ಟ ಬೇಕು ನನಗ.”

ಅವಳು ಹೂಂ ಅಂದಳು. ಅವಳಿಗೂ ಅದು ಗೊತ್ತಿತ್ತು. ಸುಮ್ಮನಿದ್ದರೆ ಆಗುತ್ತಿತ್ತು, ನಾನು ಇನ್ನೊಂದು ಮಾತು ಸೇರಿಸಿದೆ. “ವಾರಕ್ಕ ಅರ್ಧಾ ತಾಸು ಓಡೂದರ ಸಲುವಾಗಿ ಊರು ಬಿಟ್ಟು ಇಲ್ಲೇ ಬಿದ್ದಿರೂದೇನು?”

ಅವಳು ನನ್ನ ಕಡೆ ತಿರುಗಿದಳು. “ವಾರಕ್ಕ ಅರ್ಧಾ ತಾಸ ನನಗ ಸಿಗೂದು” ಅಂದಳು. ಅಂದವಳೇ ಓಡಿದಳು. ಅವಳು ಹಾಗೆ ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾನು ತಿರುಗಿ ಬರುವಷ್ಟರಲ್ಲಿ ಸೇತುವೆಯ ಹತ್ತಿರ ಪೋಹೆ ಆರುತ್ತಿತ್ತು. ಮೊದಲ ತಂಡದಲ್ಲಿ ಹೊರಟು, ಸಿಟ್ಟಿನಲ್ಲಿ ಪೂರಾ ಜೋರಿನಿಂದ ಓಡಿದ ಸುಧಾ ಎಲ್ಲರಿಗಿಂತ ಎಷ್ಟೋ ಮೊದಲು ಬಂದುಬಿಟ್ಟಿದ್ದಳು. ಸುಭೇದಾರರು ಮೊದಲ ತಾಟು ಕೈಯಲ್ಲಿ ಹಿಡಿದಿದ್ದರು, ಕೊಡುತ್ತಿರಲಿಲ್ಲ. ಬೇಕಂತ ಟೈಮು ಕೆಡಿಸಿ, ಮೊದಲ ತಂಡಕ್ಕೆ ಬಂದು, ಗೆಲ್ಲುವುದು ಅವರ ಹಲಗೆಗೆ ಮಾಡಿದ ಅವಮಾನ. “ವಹಿನಿ, ಅರ್ಧ್ಯಾ ಲಿಂಬಾಸಾಠೀ?” ಎಂದು ಕೇಳಿದರು. ಅತ್ತಿಗೆಯವರೇ, ಅರ್ಧ ನಿಂಬೆಹಣ್ಣಿಗಾಗಿಯೇ? ಅಲ್ಲಿದ್ದವರೆಲ್ಲ ಅವಳನ್ನೇ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸುಧಾ ಬೆವರು ಒರೆಸಿಕೊಂಡಳು. “ನಾಹೀ ಸಾಹೇಬ. ನವರ್‍ಯಾಶೀ ಬೋಲಾಯಚಂ ಹೋತಂ” ಅಂದಳು. ಗಂಡನ ಜೊತೆ ಮಾತಾಡಬೇಕಿತ್ತು. ಸ್ವಲ್ಪ ತಡೆದು, “ಘರೀ ಜಾಗಾ ನಾಹೀ” ಎಂದೂ ಸೇರಿಸಿದಳು. ಮನೆಯಲ್ಲಿ ಜಾಗವಿಲ್ಲ.

ನಗುತ್ತಾರೆ ಅಂದುಕೊಂಡೆ. ಒಬ್ಬರೂ ನಗಲಿಲ್ಲ. ಅಲ್ಲಿದ್ದವರಲ್ಲಿ ಬಹಳ ಜನರದು ಎರಡು ಕೋಣೆಯ ಮನೆಯೇ ಆಗಿತ್ತು. ಒಬ್ಬಾಕೆ ತನ್ನ ಗಂಡನ ಕಡೆ ನೋಡಿದಳು, ಆತ ಚಹಾದ ಕಪ್ಪಿನ ಕಡೆ ನೋಡಿದ. ಸುಭೇದಾರರು ಹಲಗೆಯ ಕಡೆ ತಿರುಗಿದರು. ನಿಯಮ ಅಂದರೆ ನಿಯಮ. ತಾಟು ಎರಡನೆಯವರಿಗೆ ಹೋಯಿತು, ಹನ್ನೊಂದು ಹಲಗೆಯ ತಳಕ್ಕೆ, ಚಡ್ಡಿ ಹಾಕಿದ ಹರೆಯದವರ ಸಾಲಿಗೆ ಹೋಯಿತು. ಬರೆದು ಮುಗಿಸಿ, ಮೆಲ್ಲಗೆ, “ಬೋಲಾ, ವಹಿನಿ. ಪಣ ಪಳತಾ ಪಳತಾ” ಅಂದರು. ಮಾತಾಡಿರಿ, ಆದರೆ ಓಡುತ್ತ ಓಡುತ್ತ.

ಕಂಪನಿಗೆ ಕೊಡಬೇಕಾದ ಉತ್ತರವನ್ನು ನಾನು ವಾರದಿಂದ ವಾರಕ್ಕೆ ಮುಂದೂಡುತ್ತ ಬಂದಿದ್ದೆ. ಈಗ ಸೋಮವಾರದೊಳಗೆ ಕೊಡಲೇಬೇಕಿತ್ತು. ಶನಿವಾರ ಸಂಜೆ ನಾನು ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದೆ. ಅವ್ವ ಅಕ್ಕಿಯನ್ನು ಕಣ್ಣ ಹತ್ತಿರ ಹಿಡಿದು ಹರಳು ಆರಿಸುತ್ತಿದ್ದಳು. ತಲೆ ಎತ್ತದೆ, “ಸುಧಾ ಭಾಳ ಜೋರ ಓಡ್ತಾಳಂತಲ್ಲೋ. ಮ್ಯಾಲಿನ ಮನಿಯಾಕಿ ಹೇಳಿದ್ಲು” ಅಂದಳು. ನಾನು ಎಣ್ಣೆಯ ಬಟ್ಟಲು ಕೆಳಗಿಟ್ಟೆ. ಅವ್ವನೇ ಮುಂದುವರಿಸಿದಳು. “ನಿಮ್ಮ ಅಕ್ಕನೂ ಓಡತಿದ್ಲು. ಅವತ್ತು ನಾನ ಬಡದಿದ್ದೆ.”

ಮತ್ತೆ ಹರಳು ಆರಿಸತೊಡಗಿದಳು. ಹುಬ್ಬಳ್ಳಿಯ ವಿಷಯ ಪರದೆ ದಾಟಿ ಅವಳಿಗೆ ತಲುಪಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಧಾರವಾಡದ ಹೆಸರು ಮಾತ್ರ ಅವಳು ಆಮೇಲೆ ಎತ್ತಲಿಲ್ಲ.

ರವಿವಾರ ಅಜ್ಜಂದಿರ ಜೊತೆ ಹೊರಟೆ. ಹೇಳಬೇಕಾದದ್ದನ್ನೆಲ್ಲ ರಾತ್ರಿಯೇ ಜೋಡಿಸಿ ಇಟ್ಟುಕೊಂಡಿದ್ದೆ. ನನಗೂ ದಣಿವಾಗಿದೆ ಎನ್ನುವುದನ್ನು ನೀನು ಮರೆಯಬಾರದು, ಇನ್ನು ಮೇಲೆ ಬಸ್ಸಿನ ಬಗ್ಗೆ ನಾನು ಗೊಣಗಿದರೆ ಸುಮ್ಮನೆ ಕೇಳಿಸಿಕೊಳ್ಳಬೇಕು, ಹೀಗೆ ನಾಲ್ಕಾರು ಶರತ್ತುಗಳೂ ಇದ್ದವು. ಪಂಪ್‌ಹೌಸು ದಾಟಿ, ಜಾಲಿಯ ಗಿಡವನ್ನೂ ದಾಟಿ, ಸೇತುವೆ ಕಾಣುವ ಹೊತ್ತಿಗೆ ಅವಳ ಹೆಜ್ಜೆ ಕೇಳಿತು. ಪಕ್ಕಕ್ಕೆ ಬಂದಳು. ನನ್ನಲ್ಲಿ ಎರಡು ಶಬ್ದಕ್ಕಾಗುವಷ್ಟೇ ಉಸಿರಿತ್ತು.

“ಹೋಗೂದು ಬ್ಯಾಡ” ಅಂದೆ.

ಅವಳ ಹೆಜ್ಜೆ ಒಂದು ಸಲ ತಪ್ಪಿತು. ತಿರುಗಿ ನೋಡಲಿಲ್ಲ, ಹೋಗಿಬಿಟ್ಟಳು. ನಾನು ಮುಟ್ಟಿದಾಗ ಸುಭೇದಾರರು ಗಡಿಯಾರ ನಿಂತಿದೆಯೇನೋ ಎಂದು ಅಲ್ಲಾಡಿಸಿ ಕಿವಿಗೆ ಹಿಡಿದು ನೋಡುತ್ತಿದ್ದರು. ಅಂದಿನ ಅವಳ ಟೈಮು ಆಮೇಲೆ ಅವಳಿಗೇ ಮುರಿಯಲಾಗಲಿಲ್ಲ. ನನ್ನ ಕೈಯಿಂದ ಬೇರೆ ಯಾರದಾದರೂ ಟೈಮು ಸುಧಾರಿಸಿದ್ದರೆ ಅದೊಂದೇ.

ದೊಡ್ಡ ತ್ಯಾಗ ಮಾಡಿದೆ ಎಂದು ನಾನು ಹೇಳಿಕೊಳ್ಳುವುದಿಲ್ಲ. ಹುಬ್ಬಳ್ಳಿಗೆ ಹೋದ ಸಹೋದ್ಯೋಗಿ ವರ್ಷಕ್ಕೊಮ್ಮೆ ಬರುತ್ತಿದ್ದ. ಮಧ್ಯಾಹ್ನ ಮನೆಗೆ ಹೋಗಿ ಉಂಡು, ಒಂದು ಸಣ್ಣ ನಿದ್ದೆ ತೆಗೆದು ಬರುತ್ತೇನೆ ಎಂದು ಹೇಳುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು. ಮಳೆಗಾಲದಲ್ಲಿ ಶಿವಾಜಿನಗರದ ಹತ್ತಿರ ಬಸ್ಸು ತಾಸುಗಟ್ಟಲೆ ನಿಂತಾಗ ಆ ಎರಡು ಶಬ್ದ ಯಾಕೆ ಆಡಿದೆನೋ ಅನ್ನಿಸಿದ್ದೂ ಉಂಟು. ಅವ್ವ ಇಲ್ಲಿಯೇ ತೀರಿಕೊಂಡಳು. ಮಕ್ಕಳು ಮರಾಠಿಯಲ್ಲಿ ಕನಸು ಕಂಡರು. ನನ್ನ ಮೊಣಕಾಲು ಸೋತು ಹನ್ನೆರಡನೆಯ ನಂಬರು ಅಡುಗೆಮನೆ ಸೇರಿತು. ಸುಧಾ ಓಡುತ್ತಲೇ ಇದ್ದಳು.

ಕಳೆದ ರವಿವಾರ ಅವಳು ಎಂದಿಗಿಂತ ತಡವಾಗಿ ಬಂದಳು. ಕುಕ್ಕರಿನ ಸೀಟಿ ಆಗಲೇ ಮುಗಿದಿತ್ತು. ಕುರ್ಚಿಯ ಮೇಲೆ ಕೂತು ಒಂದೊಂದೇ ಪಿನ್ನು ಬಿಚ್ಚಿದಳು.

“ಸುಭೇದಾರ ಸಾಹೇಬ್ರು ನನ್ನ ನಂಬರು ಮ್ಯಾಲೆ ಬರದಾರ. ಮುಂದಿನ ವಾರದಿಂದ ಮೊದಲನೇ ತಂಡ” ಅಂದಳು.

ಸುಭೇದಾರರಿಗೆ ಈಗ ವಯಸ್ಸಾಗಿದೆ, ಕುರ್ಚಿಯ ಮೇಲೆ ಕೂತೇ ಹಲಗೆ ಬರೆಯುತ್ತಾರೆ. ಆದರೆ ಅವರ ಲೆಕ್ಕ ತಪ್ಪುವುದಿಲ್ಲ. ನಾನು ನಗಿಸೋಣವೆಂದು, “ಮತ್ತ ಬೇಕಂತ ನಿಧಾನ ಓಡಿದೇನು?” ಎಂದು ಕೇಳಿದೆ.

“ಇಲ್ರಿ” ಅಂದಳು. “ಈ ಸಲ ಖರೇನ.”

ಅವಳು ಬೂಟು ಬಿಚ್ಚಲು ಬಗ್ಗಿದಳು, ಬಗ್ಗಿದವಳು ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ಅವಳ ದಣಿವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನ್ನದರ ಲೆಕ್ಕವನ್ನೇ ಇಡುತ್ತ ಬಂದಿದ್ದೆ. 

“ಆ ಅಜ್ಜಗೋಳೂ ಈಗಿಲ್ಲ” ಅಂದಳು, ತಲೆ ಎತ್ತದೆ. “ಒಬ್ಬಾಕಿನ ಹೊರಡಬೇಕು. ನಡಕೋತನ ಬರ್ರಿ, ಏನಾಗ್ತದ?”

 ನಾನು ಹೆಗಲ ಮೇಲಿನ ಮಸಿಬಟ್ಟೆಯನ್ನೂ ಅವಳು ಬಿಚ್ಚಿಟ್ಟ ಹನ್ನೊಂದನ್ನೂ ಬಚ್ಚಲಿಗೆ ಒಯ್ದು, ಸಾಬೂನು ಹಚ್ಚಿ ತಿಕ್ಕಿದೆ. ನನ್ನದರ ಅರಿಸಿನ ಹೋಗಲಿಲ್ಲ, ಅಂಕಿ ಸ್ವಲ್ಪ ಎದ್ದು ಬಂತು. ಹಿಂಡಿ ಬಾಲ್ಕನಿಯ ತಂತಿಯ ಮೇಲೆ ಹನ್ನೊಂದರ ಪಕ್ಕಕ್ಕೆ ಹನ್ನೆರಡನ್ನು ಹರವಿದೆ. ಆಮೇಲೆ ಬೇಳೆಯ ನೆನಪಾಗಿ ಅಡುಗೆಮನೆಗೆ ಬಂದೆ, ಕುಕ್ಕರು ಇಳಿಸಲು ಬಟ್ಟೆ ಇರಲಿಲ್ಲ, ಬರಿಗೈಯಲ್ಲಿ ಹಿಡಿದು ಬೆರಳು ಸುಟ್ಟುಕೊಂಡೆ.